ವೈರಮುಡಿ ರಾತ್ರಿಯ ಆ ಮುಖ

ಏಪ್ರಿಲ್ 5, 2023, ಬುಧವಾರ
ಮೈಸೂರು

ಮೇಲುಕೋಟೆಯ ವೈರಮುಡಿ ಉತ್ಸವದಿಂದ ವಾಪಸ್ ಬಂದಾಗಿನಿಂದ ಒಂದು ಮುಖ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಒಂದು ಮಾತೂ ಆಡಿಲ್ಲ. ಅವನು ನನ್ನ ಕಡೆ ತಿರುಗಿಯೂ ನೋಡಿಲ್ಲ.

ನಾನೂ ಪಾಟಿಯೂ, ಅಂದರೆ ನನ್ನ ಅಜ್ಜಿಯೂ, ಯಾವಾಗಲೂ ನಿಲ್ಲುವ ಜಗುಲಿಯ ಮೇಲೆ ನಿಂತಿದ್ದೆವು. ಬೀದಿ ತುಂಬಾ ಜನ. ಗರುಡನ ಮೇಲೆ ಪೆರುಮಾಳ್, ನಮ್ಮ ಚೆಲುವನಾರಾಯಣ ಸ್ವಾಮಿ, ಇನ್ನೂ ತಿರುವಿನಲ್ಲಿದ್ದರು. ಮುಂದೆ ಪಂಜು ಹಿಡಿದವರು ಬಂದರು. ಅವರ ಪಕ್ಕದಲ್ಲಿ ಅವನು, ಎಡಗೈಯಲ್ಲಿ ಎಣ್ಣೆ ಡಬ್ಬ, ಬಲಗೈಯಲ್ಲಿ ಸೌಟು. ಉರಿ ಇಳಿದ ಪಂಜಿಗೆ ಒಂದು ಸೌಟು ಎಣ್ಣೆ ಹುಯ್ಯುವುದು, ಮುಂದಿನದಕ್ಕೆ ಸರಿಯುವುದು. ಎಣ್ಣೆ ಬಿದ್ದ ಕೂಡಲೇ ಉರಿ ಭಗ್ ಅಂತ ಏಳುತ್ತಿತ್ತು. ಆಗ ಮುಖ ಪೂರ್ತಿ ಕಾಣುತ್ತಿತ್ತು. ದಟ್ಟ ಹುಬ್ಬು. ಬಲಗೆನ್ನೆಯ ಮೇಲೆ ಹೆಬ್ಬೆರಳಿನಷ್ಟು ಮಸಿ. ಸ್ವಲ್ಪ ತೆರೆದ ಬಾಯಿ. ಕತ್ತು ಹಿಂದಕ್ಕೆ ತಿರುಗಿಸಿಕೊಂಡು ಪೆರುಮಾಳನ್ನೇ ನೋಡುತ್ತಿದ್ದ. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ.

ನನ್ನ ಎದೆ ಧಸಕ್ಕೆಂದಿತು. ಆಮೇಲೆ ಗೋವಿಂದಾ ಗೋವಿಂದಾ ಅಂತ ಕೂಗು ಎದ್ದಿತು. ನನಗೆ ಅದು ಎಲ್ಲೋ ದೂರದಲ್ಲಿ ಕೇಳಿಸಿದ ಹಾಗಿತ್ತು. ಪಾಟಿ ಸೆರಗಿನಿಂದ ಕಣ್ಣೊರೆಸಿಕೊಂಡಾಗಲೇ ಪೆರುಮಾಳ್ ನಮ್ಮನ್ನು ದಾಟಿ ಹೋಗಿದ್ದು ಗೊತ್ತಾಗಿದ್ದು. ನನಗೆ ಸಿಕ್ಕಿದ್ದು ಗರುಡನ ಹಿಂಭಾಗ, ಹೂವಿನ ಹಾರಗಳು.

ವೈರಮುಡಿ ಅಂದರೆ ಪೆರುಮಾಳಿನ ವಜ್ರದ ಕಿರೀಟ, ಅದು ಹೊರಬರುವುದು ವರ್ಷಕ್ಕೆ ಒಂದೇ ರಾತ್ರಿ. ಮಂಡ್ಯದ ಖಜಾನೆಯಿಂದ ಅದರ ಪೆಟ್ಟಿಗೆ ಪೊಲೀಸ್ ಕಾವಲಿನಲ್ಲಿ ಬರುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ಆರತಿ ಹಿಡಿದು ಕಾಯುತ್ತಾರೆ. ಬಿಸಿಲು ತಾಕಬಾರದು. ಮುಡಿಯನ್ನು ಪೆರುಮಾಳ್ ತಲೆಗೆ ಏರಿಸುವ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಅವರೂ ಬರಿಗಣ್ಣಲ್ಲಿ ನೋಡುವ ಹಾಗಿಲ್ಲ. ಏರಿಸಿದ ಮೇಲೆ ಅದು ಎಲ್ಲರ ಕಣ್ಣಿಗೆ. ಇಷ್ಟೆಲ್ಲ ಆಗುವುದು ಬೀದಿಯಲ್ಲಿ ನಿಂತ ನಮ್ಮಂಥವರು ಒಂದು ಗಳಿಗೆ ನೋಡಲಿ ಅಂತ. ಆ ಗಳಿಗೆಯಲ್ಲಿ ನನ್ನ ಕಣ್ಣು ಎಣ್ಣೆ ಡಬ್ಬದ ಹಿಂದೆ ಹೋಗಿತ್ತು.

ಅಷ್ಟೇ ಆಗಿದ್ದರೆ ಮುಂದಿನ ವರ್ಷ ನೋಡಿದರಾಯಿತು ಅನ್ನಬಹುದಿತ್ತು. ನನ್ನನ್ನು ಕೊರೆಯುತ್ತಿರುವುದು ಬೇರೆ. ಚಿಕ್ಕಂದಿನಿಂದ ಪೆರುಮಾಳ್ ಆ ತಿರುವು ದಾಟಿ ಬೆಳಕಿಗೆ ಬಂದಾಗ ನನ್ನ ಎದೆಯ ನಡುವೆ ಏನೋ ಆಗುತ್ತದೆ. ಉಸಿರು ಅಲ್ಲೇ ನಿಂತ ಹಾಗೆ, ಅಳು ಬಂದ ಹಾಗೆ. ಭಕ್ತಿ ಅಂದರೆ ಅದೇ ಅಂತ ನಂಬಿದ್ದೆ. ಯಾರೂ ಹೇಳಿಕೊಟ್ಟಿದ್ದಲ್ಲ, ನನ್ನದೇ ಸ್ವಂತದ್ದು ಅಂತ ಒಂದು ಹೆಮ್ಮೆಯೂ ಇತ್ತು. ಮೊನ್ನೆ ಆ ಮುಖ ಕಂಡಾಗ ಆಗಿದ್ದೂ ಅದೇ. ಅದೇ ಜಾಗದಲ್ಲಿ, ಅಷ್ಟೇ ಜೋರಾಗಿ. ಹಾಗಾದರೆ ಇಷ್ಟು ವರ್ಷ ಆಗುತ್ತಿದ್ದುದು ಏನು? ದೇವರ ಮೇಲಿನ ಪ್ರೀತಿಯೋ, ಪಂಜಿನ ಬೆಳಕಲ್ಲಿ ಹೊಳೆಯುವ ಯಾವುದೇ ಚಂದದ ಮೇಲಿನ ಆಸೆಯೋ?

ರೂಮ್‌ಮೇಟ್‌ಗೆ ಹೇಳಿದೆ. "ಕ್ರಶ್ ಕಣೇ, ವಾರದಲ್ಲಿ ಹೋಗತ್ತೆ" ಅಂದಳು. ಹೋಗಬಹುದು. ಹೋಗುವುದು ನನ್ನ ಪ್ರಶ್ನೆ ಅಲ್ಲ. ಎಲ್ಲಿಗೆ ಬಂದು ಕೂತಿತು ಅನ್ನುವುದು ಪ್ರಶ್ನೆ.

ಇವತ್ತು ಸೆಖೆ ಅಂದರೆ ಸೆಖೆ. ಆಫೀಸಿನಲ್ಲಿ ಏನು ಮಾಡಿದೆ ಅಂತ ನೆನಪೇ ಇಲ್ಲ.

ಸಂಜೆ ಪಾಟಿಗೆ ಫೋನ್ ಮಾಡಿದೆ. ಮಂಡಿನೋವು, ಮೊಮ್ಮಗನ ಪರೀಕ್ಷೆ, ಪುಳಿಯೋಗರೆ ಗೊಜ್ಜು ಕೆಟ್ಟಿಲ್ಲ ತಾನೇ, ಎಲ್ಲ ಆಯಿತು. ಆಮೇಲೆ ಕೇಳಿಯೇಬಿಟ್ಟೆ.

"ಪಾಟಿ, ಪೆರುಮಾಳ್ ಎದುರಿಗೆ ಬರ್ತಾ ಇರುವಾಗ ಬೇರೆ ಯಾರನ್ನೋ ನೋಡ್ತಾ ನಿಂತ್ರೆ?"

"ಯಾರನ್ನ?"

"ಯಾರನ್ನೋ. ಸುಮ್ನೆ ಕೇಳ್ದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎಣ್ಣೆ ಹುಯ್ತಾ ಇದ್ದನಲ್ಲ, ಆ ಹುಡುಗನ್ನಾ?"

ನನಗೆ ಬಾಯೇ ಬರಲಿಲ್ಲ.

"ನಾನೂ ನೋಡ್ದೆ ಕಣೇ. ಎಷ್ಟು ಲಕ್ಷಣವಾಗಿದ್ದ. ಮಸಿ ಬೇರೆ ಮೆತ್ಕೊಂಡಿದ್ದ, ದೃಷ್ಟಿಬೊಟ್ಟು ಇಟ್ಟ ಹಾಗೆ."

ನನ್ನ ಪಾಟಿಗೆ ಎಂಬತ್ತು ದಾಟಿದೆ. ಅವಳು ಅವನನ್ನೂ ನೋಡಿದಳು, ಪೆರುಮಾಳನ್ನೂ ನೋಡಿದಳು. ಕಣ್ಣೂ ಒರೆಸಿಕೊಂಡಳು. ನನಗೆ ಯಾಕೆ ಎರಡೂ ಆಗಲಿಲ್ಲ?

ಅವಳು ಧನುರ್ದಾಸನ ಕಥೆ ಶುರು ಮಾಡಿದಳು. ನಮ್ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಇರುವ ಕಥೆ. ಉರೈಯೂರಿನ ಪೈಲ್ವಾನ್. ಶ್ರೀರಂಗದ ಉತ್ಸವದಲ್ಲಿ ಎಲ್ಲರೂ ರಂಗನಾಥನ ಕಡೆ ನೋಡುತ್ತಿದ್ದರೆ ಇವನು ಹೆಂಡತಿ ಹೇಮಾಂಬೆಗೆ ಬಿಸಿಲು ತಾಕದ ಹಾಗೆ ಕೊಡೆ ಹಿಡಿದು, ಅವಳ ಕಣ್ಣನ್ನೇ ನೋಡುತ್ತಾ ನಡೆಯುತ್ತಿದ್ದ. ಜನ ನಕ್ಕರು. ಯತಿರಾಜರು, ಅಂದರೆ ರಾಮಾನುಜಾಚಾರ್ಯರು, ನಗಲಿಲ್ಲ. ಕರೆಸಿ ಕೇಳಿದರು. ಇವಳ ಕಣ್ಣಿನಷ್ಟು ಚಂದ ಲೋಕದಲ್ಲಿ ಇನ್ನೊಂದಿಲ್ಲ ಅಂದ. ಇದಕ್ಕಿಂತ ಚಂದದ ಕಣ್ಣು ತೋರಿಸಿದರೆ ಅಂತ ಅವರು ಕೇಳಿದರು. ತೋರಿಸಿ, ಅದಕ್ಕೇ ದಾಸನಾಗ್ತೀನಿ ಅಂದ. ಸನ್ನಿಧಿಗೆ ಕರೆದುಕೊಂಡು ಹೋದರು. ರಂಗನಾಥನ ಕಣ್ಣು ಕಂಡವನು ಅಲ್ಲೇ ಸೋತುಹೋದ.

"ಗೊತ್ತು ಪಾಟಿ," ಅಂದೆ. ಸ್ವಲ್ಪ ಸಿಡುಕಿನಿಂದಲೇ ಅಂದೆ ಅನಿಸುತ್ತದೆ. ಯಾಕಂದರೆ ಉಪನ್ಯಾಸದಲ್ಲಿ ಈ ಕಥೆ ಹೇಳುವವರು ಬಿಸಿಲಿನಿಂದ ಸನ್ನಿಧಿಗೆ ಓಡುತ್ತಾರೆ. ಹೇಮಾಂಬೆಯ ಕಣ್ಣು ಒಂದು ಕೀಳು ವಸ್ತು, ರಂಗನಾಥನ ಕಣ್ಣು ಮೇಲು ವಸ್ತು, ಒಂದನ್ನು ಬಿಸಾಕಿ ಇನ್ನೊಂದನ್ನು ಎತ್ತಿಕೊಂಡ ಅಂತ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚಂದ ಗುರುತಿಸುವ ಕಣ್ಣು ಅವನಿಗೆ ಮೊದಲೇ ಇತ್ತು ಅಂತ ತಾನೇ ಯತಿರಾಜರು ಕರೆದಿದ್ದು? ಸುತ್ತ ಕೈಮುಗಿದು ನಿಂತವರನ್ನು ಅವರು ಕರೆಯಲಿಲ್ಲ.

ಪಾಟಿ ಕೇಳಿದ್ದು ಬೇರೆ. "ಆಮೇಲೆ ಅವನು ಹೆಂಡ್ತೀನ ಬಿಟ್ನಾ?"

ಬಿಡಲಿಲ್ಲ. ಇಬ್ಬರೂ ಶ್ರೀರಂಗದಲ್ಲೇ ಇದ್ದುಬಿಟ್ಟರು. ಹೇಮಾಂಬೆಯ ಇನ್ನೊಂದು ಕಥೆಯೂ ಇದೆ. ನಿದ್ದೆಯಲ್ಲಿದ್ದಾಗ ಅವಳ ಒಂದು ಕಡೆಯ ಒಡವೆ ಬಿಚ್ಚಿಕೊಳ್ಳಲು ಯತಿರಾಜರ ಶಿಷ್ಯರು ಬಂದಿದ್ದರು. ಅವಳಿಗೆ ಎಚ್ಚರವಾಯಿತು. ಪಾಪ, ಇನ್ನೊಂದು ಕಡೆಯದೂ ಸಿಗಲಿ ಅಂತ ಮಗ್ಗುಲು ತಿರುಗಿದಳು. ಬಂದವರು ಹೆದರಿ ಓಡಿದರು. ಹಾಗೆ ಮಗ್ಗುಲು ತಿರುಗಿದ್ದೇ ತಪ್ಪು, ಸುಮ್ಮನೆ ಮಲಗಿದ್ದರೆ ಅವರಿಗೆ ಬೇಕಾದ್ದು ಅವರೇ ತಗೊಳ್ಳುತ್ತಿದ್ದರು ಅಂತ ಧನುರ್ದಾಸ ಅವಳ ಮೇಲೆ ಬೇಜಾರು ಮಾಡಿಕೊಂಡ. ಅಂಥ ಗಂಡ ಹೆಂಡತಿ. ಆದರೆ ಸನ್ನಿಧಿಗೆ ಅವನನ್ನು ಕರೆದುಕೊಂಡು ಹೋದಾಗ ಅವಳು ಎಲ್ಲಿದ್ದಳು? ಕೊಡೆ ಯಾರ ಕೈಯಲ್ಲಿತ್ತು? ಯಾರೂ ಹೇಳುವುದಿಲ್ಲ.

"ಬೀಬಿ ನಾಚ್ಚಿಯಾರ್ ನೋಡು," ಅಂದಳು ಪಾಟಿ. "ಸುಲ್ತಾನನ ಮಗಳು. ನಮ್ಮ ಪೆರುಮಾಳ್ ವಿಗ್ರಹಾನ ಆಟದ ಗೊಂಬೆ ಅಂತ ಇಟ್ಕೊಂಡಿದ್ಲು. ಶಾಸ್ತ್ರ ಗೊತ್ತಾ ಅವಳಿಗೆ, ಮಂತ್ರ ಗೊತ್ತಾ? ಚೆನ್ನಾಗಿದೆ ಅಂತ ತಾನೇ ಮೋಹ ಬಂದಿದ್ದು. ಯತಿರಾಜರು ಕರ್ಕೊಂಡು ಬಂದ್ಮೇಲೆ ಬಿಟ್ಟಿರಕ್ಕೆ ಆಗದೆ ದೆಹಲಿಯಿಂದ ಹಿಂದೇನೇ ಬಂದ್ಲು. ಇವತ್ತು ಪೆರುಮಾಳ್ ಪಾದದ ಹತ್ರ ಇದಾಳೆ."

"ಅವಳಿಗೆ ಮೋಹ ಬಂದಿದ್ದು ಪೆರುಮಾಳ್ ಮೇಲೆ, ಪಾಟಿ."

"ಅವಳಿಗೆ ಅದು ಪೆರುಮಾಳ್ ಅಂತ ಗೊತ್ತಿತ್ತಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಸಮಾಧಾನವೂ ಆಗಲಿಲ್ಲ. ಪಾಟಿಯ ಮಾತು ಹಿಡಿದರೆ ಯಾವ ಮೋಹವೂ ತಪ್ಪಲ್ಲ ಅಂತಾಗುತ್ತದೆ. ಹಾಗಿರಲಿಕ್ಕಿಲ್ಲ. ಪೆರುಮಾಳ್ ದರ್ಶನ ಮಾಡಿ ಹೊರಗೆ ಬಂದಾಗ ಏನೂ ಬೇಡ ಅನಿಸುತ್ತದೆ, ಹಗುರಾಗಿರುತ್ತೇನೆ. ಈ ಮುಖ ಮಾತ್ರ ಬೇಕು ಬೇಕು ಅನ್ನಿಸುತ್ತಿದೆ. ಇನ್ನೊಮ್ಮೆ ನೋಡಬೇಕು, ಯಾರು ಅಂತ ತಿಳಿಯಬೇಕು, ಅವನು ನನ್ನ ಕಡೆ ತಿರುಗಬೇಕು. ಎದೆಯಲ್ಲಿ ಶುರುವಾಗಿದ್ದು ಒಂದೇ ಜಾಗದಲ್ಲಿ ಇರಬಹುದು. ಹೋಗುವ ದಾರಿ ಒಂದೇ ಅಲ್ಲ.

ಸನ್ನಿಧಿಯಲ್ಲಿ ಮೊದಲು ಪಾದ ನೋಡಬೇಕು, ಹಾರಿ ಮುಖಕ್ಕೆ ಹೋಗಬಾರದು ಅಂತ ಪಾಟಿ ನನಗೆ ಕಲಿಸಿದ್ದು. ರಂಗನಾಥನನ್ನು ಹಾಡಿದ ತಮಿಳು ಸಂತ ತಿರುಪ್ಪಾಣಾಳ್ವಾರರ 10 ಪಾಶುರಗಳೂ, ಅಂದರೆ ಪದ್ಯಗಳೂ, ಹಾಗೇ ಪಾದದಿಂದ ಏರುತ್ತವೆ. ಪಾದ, ಉಟ್ಟ ಪೀತಾಂಬರ, ನಾಭಿ, ಉದರ, ಎದೆ, ಕತ್ತು, ಬಾಯಿ, ಆಮೇಲೆ ಕಣ್ಣು. ಅವನ ಪಾದ ನಾನು ನೋಡಲೇ ಇಲ್ಲ. ಬರಿಗಾಲಿನಲ್ಲಿದ್ದನೋ, ಬಿಸಿ ಎಣ್ಣೆ ಕಾಲಿಗೆ ಸಿಡಿಯುತ್ತಿತ್ತೋ, ನಡೆದು ನಡೆದು ಸುಸ್ತಾಗಿತ್ತೋ, ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಬರೀ ಮುಖ. ಇದನ್ನು ಬರೆಯುವಾಗ ಅವನ ಬಗ್ಗೆ ಮೊದಲ ಸಲ ಬೇರೆ ಥರ ಮರುಕ ಬರುತ್ತಿದೆ.

ಆ ಪಾಶುರಗಳು ಮುಗಿಯುವುದು ನನ್ನ ಅಮೃತವನ್ನು ಕಂಡ ಈ ಕಣ್ಣು ಇನ್ನೇನನ್ನೂ ಕಾಣದು ಅಂತ. ಎಷ್ಟು ಸಲ ಹೇಳಿದ್ದೇನೆ ಆ ಸಾಲನ್ನು, ಪಾಟಿ ಜೊತೆ ಕೂತು. ಇವತ್ತು ಹೇಳಲು ಹೋದರೆ ಗಂಟಲು ಕಟ್ಟಿತು. ಆಳ್ವಾರರು ಹಾಡಿ ಮುಗಿಸಿ ರಂಗನಾಥನಲ್ಲೇ ಸೇರಿಹೋದರು. ಮುನಿಗಳ ಹೆಗಲ ಮೇಲೆ ಒಳಗೆ ಹೋದವರು ಮತ್ತೆ ಹೊರಗೆ ಬರಲೇ ಇಲ್ಲ. ಅವರ ಕಣ್ಣಿಗೆ ಇನ್ನೊಂದನ್ನು ಕಾಣುವ ಪ್ರಮೇಯವೇ ಬರಲಿಲ್ಲ. ನಾವು ಹೊರಗೆ ಬರಲೇಬೇಕಲ್ವಾ. ತೀರ್ಥ ತಗೊಂಡು, ಚಪ್ಪಲಿ ಹುಡುಕಿಕೊಂಡು, ಮೈಸೂರಿನ ಬಸ್ಸು ಹತ್ತಬೇಕು. ಆ ಬಸ್ಸಿನಲ್ಲೂ ಮುಖಗಳಿರುತ್ತವೆ. ಹಾಗಿರುವಾಗ ನಾನು ಆ ಕೊನೆಯ ಸಾಲನ್ನು ಯಾವ ಬಾಯಲ್ಲಿ ಹೇಳಲಿ, ಅಥವಾ ಹೇಳುತ್ತಾ ಹೇಳುತ್ತಾ ಒಂದು ದಿನ ಅದು ನಿಜ ಆಗುತ್ತದೆ ಅಂತಲೋ