ಬುಧವಾರ ಕಾಯಿಲೆ ಬೀಳಬಾರದು

“ಇವತ್ತು ಬುಧವಾರ ಅಲ್ವಾ ಮಿಸ್? ಪರವಾಗಿಲ್ಲ, ನಾಳೆ ಹೇಳ್ತೀನಿ.”

ಎಂಟು ವರ್ಷದ ಹುಡುಗಿ ಹೇಳಿದ ಮಾತು. ಈ ವಾರವೆಲ್ಲ ನನ್ನ ತಲೆಯನ್ನು ಇದೇ ಕೊರೆಯುತ್ತಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಳೇ ಕಾರ್ಖಾನೆ ಊರೊಂದರ ಸರ್ಕಾರಿ ಶಾಲೆಗೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಓದಲು ತಡವರಿಸುವ ಮಕ್ಕಳ ಜೊತೆ ಕೂತು ಓದಿಸುವುದು ನನ್ನ ಕೆಲಸ. ಹೆಚ್ಚಿನ ಮಕ್ಕಳು ಕಪ್ಪು ಜನಾಂಗದವರು, ಇಲ್ಲವೇ ಪೋರ್ಟೊ ರಿಕೊ ಮೂಲದ ಮನೆಗಳವರು. ಊಟ ಎಲ್ಲರಿಗೂ ಪುಕ್ಕಟೆ. ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳು ಒಬ್ಬೊಬ್ಬರಿಂದ ಅರ್ಜಿ ಕೇಳದೆ ಊಟ ಕೊಡಬಹುದು ಅಂತ ಇಲ್ಲಿ ನಿಯಮವಿದೆ. ಒಳ್ಳೆಯ ನಿಯಮ.

ನಾವು ಕೂರುವುದು ಕಾರಿಡಾರಿನಲ್ಲಿ. ಲೈಬ್ರರಿ ಇದೆ, ಆದರೆ ನೋಡಿಕೊಳ್ಳುವವರಿಲ್ಲ ಅಂತ ಬೀಗ ಹಾಕಿದ್ದಾರೆ. ಬಾಗಿಲಿನ ಗಾಜಿನಲ್ಲಿ ಇಣುಕಿದರೆ ಒಳಗೆ ಪುಸ್ತಕಗಳು ಸಾಲಾಗಿ ಕಾಣುತ್ತವೆ.

ಅವತ್ತಿನ ಪುಸ್ತಕ ಆಕ್ಟೋಪಸ್ ಬಗ್ಗೆ. ‘ಆಕ್ಟೋಪಸ್‌ಗೆ ಮೂರು ಹೃದಯ’ ಅನ್ನುವಲ್ಲಿ ಹುಡುಗಿ ನಿಂತಳು. ಪದ ಅವಳಿಗೆ ಗೊತ್ತಿತ್ತು. ಉಸಿರು ಸಾಲುತ್ತಿರಲಿಲ್ಲ. ಉಸಿರೆಳೆದಾಗೆಲ್ಲ ಭುಜ ಮೇಲಕ್ಕೆ ಏರುತ್ತಿತ್ತು, ಕತ್ತಿನ ಬುಡದಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಎದೆ ಬಿಗೀತಿದೆಯಾ ಅಂದೆ. ಹೌದು ಅಂತ ತಲೆಯಾಡಿಸಿದಳು. ನಡಿ, ನರ್ಸ್ ಹತ್ತಿರ ಹೋಗೋಣ ಅಂತ ನಾನು ಎದ್ದೆ. ಆಗ ಅವಳು ಹೇಳಿದ್ದು ಈ ಮಾತು.

ನರ್ಸ್ ಬರುವುದು ಮಂಗಳವಾರ ಮತ್ತು ಗುರುವಾರ ಮಾತ್ರ. ಉಳಿದ ದಿನ ಅವರು ಬೇರೆ ಶಾಲೆಗಳಲ್ಲಿರುತ್ತಾರೆ. ಕೋಣೆಯ ಬಾಗಿಲಿಗೆ ಆ ಎರಡು ದಿನಗಳ ಹೆಸರು ಬರೆದ ಹಾಳೆ ಅಂಟಿಸಿದ್ದಾರೆ. ಎಷ್ಟೋ ಸಲ ಕಿತ್ತು ಬಂದು, ಎಷ್ಟೋ ಸಲ ಅಂಟಿಸಿ, ಹಾಳೆಯ ಮೂಲೆಗಳಲ್ಲಿ ಟೇಪ್ ದಪ್ಪವಾಗಿದೆ.

ಅವಳನ್ನು ಆಫೀಸಿಗೆ ಕರೆದುಕೊಂಡು ಹೋದೆ. ಅಲ್ಲಿನ ಸೆಕ್ರೆಟರಿ ಕಣ್ಣೆತ್ತಿ ನೋಡಿದ ತಕ್ಷಣ ಕುರ್ಚಿ ಎಳೆದು, ಹುಡುಗಿಯನ್ನು ನೆಟ್ಟಗೆ ಕೂರಿಸಿ, ಬೆನ್ನ ಮೇಲೆ ಕೈಯಿಟ್ಟುಕೊಂಡೇ ಮನೆಗೆ ಫೋನ್ ಮಾಡಿದರು. ಇನ್ಹೇಲರ್ ಮನೆಯಲ್ಲಿತ್ತು. ಅಜ್ಜಿ ಹಿಂದಿನ ಬೀದಿಯಲ್ಲೇ ಇದ್ದದ್ದು ಪುಣ್ಯ, ಏದುಸಿರು ಬಿಡುತ್ತಾ ತಂದುಕೊಟ್ಟರು. ಇನ್ನೊಂದು ಐದು ನಿಮಿಷ ನೋಡಿ ಆಂಬುಲೆನ್ಸ್ ಕರೆಯುತ್ತಿದ್ದೆ ಅಂದರು ಸೆಕ್ರೆಟರಿ. ಆ ಶಾಲೆಯನ್ನು ನಿಜವಾಗಿ ಹಿಡಿದು ನಿಲ್ಲಿಸಿರುವುದು ಆಕೆ ಅಂತ ನನಗೆ ಯಾವತ್ತಿನಿಂದಲೂ ಅನ್ನಿಸಿದೆ. ಅವರ ಮೇಜಿನ ಹಿಂದಿನ ಬೀರುವಿನಲ್ಲಿ ಬ್ಯಾಂಡೇಜು, ಐಸ್ ಪ್ಯಾಕು, ಬೇರೆ ಬೇರೆ ಅಳತೆಯ ಚಡ್ಡಿ ಪ್ಯಾಂಟು ಎಲ್ಲ ಇವೆ. ಯಾವ ಮಗುವಿನ ಅಮ್ಮ ಯಾವ ಪಾಳಿಯಲ್ಲಿದ್ದಾಳೆ ಅನ್ನುವುದು ಅವರಿಗೆ ಬಾಯಿಪಾಠ. ಇದಕ್ಕೆಲ್ಲ ಯಾರೂ ಅವರಿಗೆ ಸಂಬಳ ಕೊಡುತ್ತಿಲ್ಲ.

ಉಸಿರು ಸರಿಹೋದ ಮೇಲೆ ಹುಡುಗಿ ವಾಪಸ್ ಬಂದು ಆಕ್ಟೋಪಸ್ ಪುಟ ಮುಗಿಸಿದಳು.

ನನ್ನನ್ನು ಕಲಕಿದ್ದು ಉಬ್ಬಸ ಅಲ್ಲ, ಅವಳು ಅದನ್ನು ಹೇಳಿದ ರೀತಿ. ಅಳಲಿಲ್ಲ, ಹೆದರಲಿಲ್ಲ. ಎದ್ದು ನಿಂತ ನನ್ನನ್ನೇ ಸಮಾಧಾನ ಮಾಡುವ ಹಾಗೆ “ಪರವಾಗಿಲ್ಲ” ಅಂದಳು. ದೊಡ್ಡವರು ಯಾವ ದಿನ ಇರುತ್ತಾರೋ ಆ ದಿನಕ್ಕೆ ತನ್ನ ಕಾಯಿಲೆಯನ್ನು ಹೊಂದಿಸಿಕೊಳ್ಳಬೇಕು ಅಂತ ಮಗು ಕಲಿತುಬಿಟ್ಟಿದೆ. ಪಾಠ ಮಾಡಿ ಯಾರೂ ಕಲಿಸಿದ್ದಲ್ಲ. ಕಿಂಡರ್‌ಗಾರ್ಟನ್‌ನಿಂದ ಮುಚ್ಚಿದ ಬಾಗಿಲು ನೋಡಿ ನೋಡಿ ಕಲಿತದ್ದು.

ಪ್ರಿನ್ಸಿಪಾಲರಿಗೆ ವಿಷಯ ತಿಳಿಸಿದೆ. “ನಮ್ಮ ಮಕ್ಕಳು ತುಂಬಾ ಗಟ್ಟಿ” ಅಂದರು, ಹೆಮ್ಮೆಯಿಂದಲೇ. ಮನುಷ್ಯ ಒಳ್ಳೆಯವರು, ಬೆಳಗ್ಗೆ ಗೇಟಿನಲ್ಲಿ ನಿಂತು ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಾರೆ. ಆದರೂ ಆ ಹೊಗಳಿಕೆ ನನಗೆ ಹಿಡಿಸಲಿಲ್ಲ. ಎಂಟು ವರ್ಷದ ಮಗು ಯಾಕೆ ಗಟ್ಟಿಯಾಗಿರಬೇಕು? ಎದೆ ಬಿಗಿದಾಗ ಅತ್ತು ರಂಪ ಮಾಡುವ ಹಕ್ಕು ಅದಕ್ಕಿದೆ.

ತಪ್ಪು ಅವರದ್ದೂ ಅಲ್ಲ ಬಿಡಿ. ಈ ರಾಜ್ಯದ ಕಾನೂನಿನ ಪ್ರಕಾರ ಒಬ್ಬ ನರ್ಸ್ ಕೈಕೆಳಗೆ 1,500 ಮಕ್ಕಳವರೆಗೆ ಇರಬಹುದು. ಆ ಲೆಕ್ಕದಲ್ಲಿ ಮೂರು ಸಣ್ಣ ಶಾಲೆಗೆ ಒಬ್ಬರನ್ನು ಹಂಚಿದರೂ ಎಲ್ಲ ಕಾನೂನುಬದ್ಧ. ಜಾಸ್ತಿ ಬೇಕೆಂದರೆ ಊರೇ ದುಡ್ಡು ಹೊಂದಿಸಬೇಕು. ನನ್ನ ಮಗಳ ಶಾಲೆ ಅಲ್ಲಿಂದ ಕಾರಿನಲ್ಲಿ ಹದಿನೈದು ನಿಮಿಷ. ಅಲ್ಲಿ ನರ್ಸ್ ವಾರವಿಡೀ ಇರುತ್ತಾರೆ. ಹಲ್ಲು ಬಿದ್ದರೆ ಇಟ್ಟುಕೊಳ್ಳಲು ಪುಟ್ಟ ಡಬ್ಬಿ ಕೂಡ ಕೊಡುತ್ತಾರೆ.

ಇದೇ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ 2013ರಲ್ಲಿ ದುಡ್ಡಿಲ್ಲ ಅಂತ ಶಾಲೆಗಳ ಸಾವಿರಾರು ಸಿಬ್ಬಂದಿಯನ್ನು ತೆಗೆದಿದ್ದರು. ಆ ವರ್ಷ ಅಲ್ಲಿನ ಒಂದು ಶಾಲೆಯಲ್ಲಿ, ನರ್ಸ್ ಇಲ್ಲದ ದಿನ, ಆಸ್ತಮಾ ಇದ್ದ ಮಗುವೊಂದು ಉಸಿರಾಡಲು ಕಷ್ಟ ಅಂದಿತ್ತು. ಶಾಲೆ ಬಿಟ್ಟ ಮೇಲೆ, ಅದೇ ದಿನ, ತೀರಿಕೊಂಡಿತು. ಬುಧವಾರ ರಾತ್ರಿ ನನಗೆ ನಿದ್ದೆ ಬರದಿದ್ದಕ್ಕೆ ಇದೂ ಕಾರಣ.

ಇಷ್ಟು ಹತ್ತಿರದ ಎರಡು ಊರುಗಳಿಗೆ ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಇಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಮನೆ ತೆರಿಗೆಯಿಂದ ಬರುತ್ತದೆ. ಮನೆಗಳಿಗೆ ಬೆಲೆ ಇರುವ ಕಡೆ ಕಡಿಮೆ ದರದಲ್ಲಿ ತೆರಿಗೆ ಹಾಕಿದರೂ ಶಾಲೆ ತುಂಬುತ್ತದೆ. ಬೆಲೆ ಇಲ್ಲದ ಕಡೆ ಜನ ಹೆಚ್ಚಿನ ದರದಲ್ಲಿ ಕಟ್ಟಿದರೂ ಸಾಲುವುದಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯವರು ಕಪ್ಪು ಜನರಿದ್ದ ಬೀದಿಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಗುರುತಿಸಿ, ಇಲ್ಲಿ ಸಾಲ ಕೊಡುವುದು ಅಪಾಯ ಅಂತ ಬರೆದಿಟ್ಟಿದ್ದರು. ಸಾಲ ಸಿಗದ ಕಡೆ ಮನೆಗಳ ಬೆಲೆಯೂ ಏರಲಿಲ್ಲ. ಮುಂದೆ ಎಷ್ಟೋ ನಗರಗಳಲ್ಲಿ ಅಂಥ ಬಡಾವಣೆಗಳನ್ನೇ ಸೀಳಿಕೊಂಡು ಹೆದ್ದಾರಿಗಳು ಬಂದವು. ಹಾಗಾಗಿ ಲಾರಿ ಹೊಗೆ ಕುಡಿದು ಉಬ್ಬಸ ಬರುವುದೂ ಆ ಮಕ್ಕಳಿಗೇ, ನರ್ಸ್ ಇಲ್ಲದಿರುವುದೂ ಆ ಮಕ್ಕಳಿಗೇ.

ಇದು ಸರಿಯಲ್ಲ ಅಂತ ಹೇಳಿದವರು ಇಲ್ಲದಿಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಡಿಮೆಟ್ರಿಯೊ ರಾಡ್ರಿಗಸ್ ಅನ್ನುವ ತಂದೆಯೂ ಅವರ ನೆರೆಹೊರೆಯ ಪಾಲಕರೂ 1968ರಲ್ಲಿ ಕೋರ್ಟಿಗೆ ಹೋದರು. ಅವರ ಎಡ್ಜ್‌ವುಡ್ ಬಡಾವಣೆಯ ಜನ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಅದರಿಂದ ಒಂದು ಮಗುವಿಗೆ ಸಿಗುತ್ತಿದ್ದದ್ದು 26 ಡಾಲರ್. ಅದೇ ಊರಿನ ಸಿರಿವಂತರ ಅಲಾಮೊ ಹೈಟ್ಸ್‌ನಲ್ಲಿ ಕಟ್ಟುತ್ತಿದ್ದದ್ದು ಬರೀ 85 ಸೆಂಟ್, ಸಿಗುತ್ತಿದ್ದದ್ದು 333 ಡಾಲರ್. 1973ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ರಾಡ್ರಿಗಸ್ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣ ದೇಶದ ಸಂವಿಧಾನದ ಮೂಲಭೂತ ಹಕ್ಕಲ್ಲ ಅಂದಿತು. ಅಷ್ಟೊಂದು ವರ್ಷದ ಹೋರಾಟ, ಒಂದೇ ಒಂದು ಮತದಲ್ಲಿ ಹೋಯಿತು.

ನಮ್ಮ ರಾಜ್ಯದಲ್ಲೂ ಬಡ ಊರುಗಳ ಶಾಲೆಗಳು ಮತ್ತು ಪಾಲಕರು 2014ರಲ್ಲಿ ಕೇಸು ಹಾಕಿದ್ದರು. ವಿಚಾರಣೆಯಲ್ಲಿ ರಾಜ್ಯದ ನಾಯಕರ ಪರ ವಕೀಲರೊಬ್ಬರು ಸಣ್ಣ ಊರಿನ ಶಾಲಾ ಅಧಿಕಾರಿಯನ್ನು ಕೇಳಿದ ಪ್ರಶ್ನೆ ಓದಿ ಮೈ ಉರಿದುಹೋಗಿತ್ತು: ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡುವ ದಾರಿ ಹಿಡಿದವನಿಗೆ ಬೀಜಗಣಿತ ಯಾಕೆ ಬೇಕು ಅಂತ. 2023ರ ಫೆಬ್ರವರಿಯಲ್ಲಿ ರಾಜ್ಯದ ಕೋರ್ಟ್, ಶಾಲೆಗಳ ದುಡ್ಡಿನ ಈ ಹಂಚಿಕೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. 2024ರಲ್ಲಿ ಲೆಕ್ಕ ಹಾಕಿದಾಗ ಶಾಲೆಗಳಿಗೆ ಬೀಳುತ್ತಿದ್ದ ಕೊರತೆ 400 ಕೋಟಿ ಡಾಲರಿಗೂ ಜಾಸ್ತಿ ಇತ್ತು. ಅದನ್ನು ಒಂದೇ ಸಲ ಕೊಡುತ್ತಿಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ ತುಂಬುತ್ತಿದ್ದಾರೆ. ಅಷ್ಟರಲ್ಲಿ ಈ ಹುಡುಗಿ ಹೈಸ್ಕೂಲು ಸೇರಿರುತ್ತಾಳೆ.

ವಾರಾಂತ್ಯದಲ್ಲಿ ಗೆಳೆಯರ ಮನೆಯಲ್ಲಿ ಈ ವಿಷಯ ತೆಗೆದೆ. ಒಬ್ಬರು, ಓದಿದವರೇ, “ಆ ಅಪ್ಪ ಅಮ್ಮಂದಿರಿಗೆ ಕಾಳಜಿ ಇಲ್ಲ ಬಿಡಿ. ಅಲ್ಲಿ ದುಡ್ಡು ಸುರಿಯೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ” ಅಂದುಬಿಟ್ಟರು. ಆ ಬೀದಿಯಲ್ಲಿ ಅವರು ಒಮ್ಮೆಯೂ ಕಾರು ನಿಲ್ಲಿಸಿದವರಲ್ಲ. ದುಡ್ಡಿನಿಂದ ಏನೂ ಆಗುವುದಿಲ್ಲ ಅನ್ನುವುದೂ ಸುಳ್ಳು. ಕಿರಾಬೊ ಜಾಕ್ಸನ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು 2016ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದು ಮಗುವಿನ ಶಾಲೆಗೆ ಹನ್ನೆರಡೂ ವರ್ಷ ಶೇ. 10ರಷ್ಟು ಜಾಸ್ತಿ ಖರ್ಚು ಮಾಡಿದರೆ, ದೊಡ್ಡವರಾದ ಮೇಲೆ ಸಂಬಳ ಸುಮಾರು ಶೇ. 7ರಷ್ಟು ಏರುತ್ತದೆ. ಬಡ ಮನೆಯ ಮಕ್ಕಳಲ್ಲಿ ಲಾಭ ಇನ್ನೂ ಹೆಚ್ಚು.

ಇನ್ನು ಕಾಳಜಿಯ ಮಾತು. ಗುರುವಾರ ಮನಸ್ಸು ತಡೆಯದೆ ಮತ್ತೆ ಶಾಲೆಗೆ ಹೋಗಿದ್ದೆ. ಹುಡುಗಿಯ ಅಮ್ಮ ಆಫೀಸಿನಲ್ಲಿದ್ದರು. ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ, ಮಲಗದೆ ಕ್ಲಿನಿಕ್‌ಗೆ ಹೋಗಿ ಕಾದು, ಡಾಕ್ಟರ್ ಸಹಿ ಹಾಕಿಸಿಕೊಂಡು ಬಂದಿದ್ದರು. ಡಾಕ್ಟರ್ ಮತ್ತು ಪಾಲಕರು ಬರೆದುಕೊಟ್ಟರೆ ಮಗು ಇನ್ಹೇಲರನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದು. ಹಾಳೆಯ ಹಿಂಬದಿಯಲ್ಲಿ ಅವರು ಅಜ್ಜಿಯ ನಂಬರು, ಪಕ್ಕದ ಮನೆಯವರ ನಂಬರು, ಗೋದಾಮಿನ ಮೇಲ್ವಿಚಾರಕರ ನಂಬರು ಎಲ್ಲ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಬರುವ ವರ್ಷ ಸೇರಬೇಕಾದ ತಮ್ಮನ ಫಾರಂ ಕೂಡ ಈಗಲೇ ಭರ್ತಿ ಮಾಡಿ ತಂದಿದ್ದರು, ಅವನಿಗೂ ಉಬ್ಬಸವಂತೆ.

ಶಾಲಾ ಮಂಡಳಿಯ ಸಭೆ ಮುಂದಿನ ವಾರ ಸಂಜೆ ಇದೆ. ಸಾರ್ವಜನಿಕರಿಗೆ ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ಹುಡುಗಿಯ ಅಮ್ಮನಿಗೆ ಆ ಹೊತ್ತಿಗೆ ಪಾಳಿ ಶುರುವಾಗಿರುತ್ತದೆ. ನಾನು ಹೆಸರು ಬರೆಸಿದ್ದೇನೆ, ಸೆಕ್ರೆಟರಿಯೂ ಬರುತ್ತಾರೆ. ಏನು ಹೇಳಲಿ ಅಂತ ಆ ಅಮ್ಮನನ್ನೇ ಕೇಳಿದೆ. “ಐದು ದಿನವೂ ನರ್ಸ್ ಬೇಕು ಅಂತ ಮೊದಲು ಹೇಳಿ. ಸಮಯ ಉಳಿದರೆ ಲೈಬ್ರರಿ ಬೀಗದ ವಿಷಯ ಕೇಳಿ” ಅಂದರು.