ಬೆಳಗಾವಿಯ ಸೈಕಲ್ ಅಂಗಡಿಯಿಂದ ಹರಿಹರದ ಲೇತಿನವರೆಗೆ

ಕಿರ್ಲೋಸ್ಕರ್ ಮನೆತನದ ಉದ್ಯಮದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಬ್ಬಿಣದ ನೇಗಿಲಿನ ಕಥೆಗೇ ಹೆಚ್ಚು ಜಾಗ ಕೊಡುತ್ತಾರೆ. ಅದು ತಪ್ಪಲ್ಲ. ಆದರೆ ನಮ್ಮ ಶಿರಸಿ ಸೀಮೆಯಲ್ಲಿ ನಿಂತು ನೋಡುವವರಿಗೆ ಅದೇ ಚರಿತ್ರೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಬಯಲುಸೀಮೆಯ ಕರಿಮಣ್ಣನ್ನು ಆಳಕ್ಕೆ ಬಗೆಯಲೆಂದು ಹುಟ್ಟಿದ ಆ ಭಾರದ ನೇಗಿಲು, ಮಳೆಗಾಲದ ಕೆಸರಿನಲ್ಲಿ ಹಗುರಾಗಿ ಓಡಬೇಕಾದ ನಮ್ಮ ಭತ್ತದ ಗದ್ದೆಗೆ ಹೊಂದುವಂಥದ್ದಾಗಿರಲಿಲ್ಲ. ನಮ್ಮಲ್ಲಿ ಆ ಹೆಸರು ನೆಲೆಯೂರಿದ್ದು ಅಡಕೆ ತೋಟದ ಪಂಪಿನಿಂದ, ಮತ್ತು ಪೇಟೆಯ ಸಣ್ಣ ವರ್ಕ್‌ಶಾಪುಗಳಲ್ಲಿದ್ದ ಹರಿಹರದ ಲೇತಿನಿಂದ, ಎಂದರೆ ಲೋಹವನ್ನು ತಿರುಗಿಸುತ್ತ ಕಡೆದು ಆಕಾರ ಕೊಡುವ ಯಂತ್ರದಿಂದ. ಅಂಥದೊಂದು ವರ್ಕ್‌ಶಾಪನ್ನು ನನ್ನ ಅಪ್ಪ ಶಿರಸಿಯಲ್ಲಿ ಬಹುಕಾಲ ನಡೆಸಿದರು. ಆ ಕೆಲಸವನ್ನು ಹತ್ತಿರದಿಂದ ನೋಡುತ್ತ ಬೆಳೆದ ನನಗೆ, ಈ ಮನೆತನದ ನಿಜವಾದ ಸಾಧನೆ ಅವರ ಎರಕದ ಮನೆಯಲ್ಲಿದೆ, ಸವೆದ ಭಾಗವನ್ನು ಬಿಚ್ಚಿ ಹೊಸದನ್ನು ಕೂಡಿಸಬಹುದಾದ ಯಂತ್ರಗಳನ್ನು ಹಳ್ಳಿಯ ಕೈಗೆ ಕೊಟ್ಟದ್ದರಲ್ಲಿದೆ ಎಂದು ಅನ್ನಿಸುತ್ತ ಬಂದಿದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರೂ ಅದೇ ಊರಿನವರು. ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದ ಲಕ್ಷ್ಮಣರಾಯರಿಗೆ ಕೆಲವು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಬಣ್ಣ ಬಿಟ್ಟು ರೇಖೆಯ ಕಡೆಗೆ ತಿರುಗಿದ ಅವರು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಅಧ್ಯಾಪಕರಾದರು. ಸಲ್ಲಬೇಕಾದ ಬಡ್ತಿ ಬೇರೊಬ್ಬರ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ಮರಳಿದರು. ಅಣ್ಣ ರಾಮಚಂದ್ರರಾಯರ ಜೊತೆ ಅಲ್ಲಿ ಸೈಕಲ್ ಅಂಗಡಿ ಆಗಲೇ ಇತ್ತು. ಕಿರ್ಲೋಸ್ಕರ್ ಸಮೂಹ ತನ್ನ ಹುಟ್ಟನ್ನು 1888ರ ಆ ಅಂಗಡಿಯಿಂದಲೇ ಎಣಿಸುತ್ತದೆ. ಬೆಳಗಾವಿಗೆ ಹೋದವರು ಇಂದಿಗೂ ಕಿರ್ಲೋಸ್ಕರ್ ರಸ್ತೆಯಲ್ಲಿ ನಡೆದಾಡಬಹುದು.

ಅಣ್ಣತಮ್ಮಂದಿರು ಮೊದಲು ಕೈಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ, ಆಮೇಲೆ ಕಬ್ಬಿಣದ ನೇಗಿಲಿಗೆ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ಅಂಜಿಕೆ ರೈತರಲ್ಲಿದ್ದುದರಿಂದ ಮೊದಲ ನೇಗಿಲು ಮಾರಾಟವಾಗಲು 2 ವರ್ಷ ಹಿಡಿಯಿತು ಎಂಬುದು ಪ್ರಸಿದ್ಧವಾದ ಸಂಗತಿ. ಅದನ್ನು ಹೇಳುವವರು ರೈತರ ಅಜ್ಞಾನ ಎಂದು ಮಾತು ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಮರದ ನೇಗಿಲು ಮುರಿದರೆ ಊರಿನ ಬಡಗಿ ಸಂಜೆಯೊಳಗೆ ಸರಿಮಾಡಿ ಕೊಡುತ್ತಿದ್ದ. ಎರಕದ ಕಬ್ಬಿಣ ಗಟ್ಟಿಯಾದದ್ದು ನಿಜ, ಆದರೆ ಅಷ್ಟೇ ಪೆಡಸು. ಬಾಗುವುದಿಲ್ಲ, ಕಲ್ಲಿಗೆ ಹೊಡೆದರೆ ಒಡೆಯುತ್ತದೆ, ಒಡೆದದ್ದನ್ನು ಹಳ್ಳಿಯ ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸಲು ಬರುವುದಿಲ್ಲ. ಉತ್ತ ಹಾಗೆ ಸವೆಯುವ ತುದಿಯ ಕುಳ ಬೇಕಾದಾಗ ಕೈಗೆ ಸಿಗುತ್ತದೆ ಎಂಬ ಭರವಸೆಯಿಲ್ಲದೆ ಬಿತ್ತನೆಯ ಹೊತ್ತಿನಲ್ಲಿ ಯಾವ ರೈತನೂ ಅಂಥ ನೇಗಿಲನ್ನು ನೆಚ್ಚಿಕೊಳ್ಳಲಾರ. ಕುಳ ಸವೆಯದಷ್ಟು ಗಡುಸಾಗಿರಬೇಕು, ಒಡೆಯದಷ್ಟು ಬಿಗಿಯಾಗಿಯೂ ಇರಬೇಕು. ಅದು ಕೂಡಿಬರುವುದು ಕಬ್ಬಿಣಕ್ಕೆ ಏನನ್ನು ಎಷ್ಟು ಬೆರೆಸಿದರು, ಕರಗಿದ ಕಬ್ಬಿಣ ಅಚ್ಚಿನಲ್ಲಿ ಎಷ್ಟು ಬೇಗ ಆರಿತು ಎಂಬುದರಿಂದ. ಕಿರ್ಲೋಸ್ಕರರ ಜೊತೆಗಾರ ಶಂಭುರಾವ್ ಜಾಂಭೇಕರ್ ಅವರಂಥ ತಂತ್ರಜ್ಞರು ಎರಕದ ಮನೆಯಲ್ಲಿ ಪಟ್ಟ ಪಾಡಿಲ್ಲದಿದ್ದರೆ ನೇಗಿಲಿನ ಕಥೆ ಬೆಳಗಾವಿಯಲ್ಲೇ ನಿಂತುಹೋಗುತ್ತಿತ್ತು.

ಅಷ್ಟರಲ್ಲಿ ಬೆಳಗಾವಿಯ ಜಾಗವೇ ಕೈತಪ್ಪಿತು. ನಗರಸಭೆಯ ಯೋಜನೆಗಾಗಿ ಕಾರ್ಖಾನೆ ಎದ್ದುಹೋಗಬೇಕಾಯಿತು. ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ಅರಸರೂ ಸ್ವತಃ ಚಿತ್ರಕಾರರೂ ಆಗಿದ್ದ ಬಾಳಾಸಾಹೇಬ ಪಂತಪ್ರತಿನಿಧಿಯವರು ತಮ್ಮ ಸೀಮೆಯಲ್ಲಿ ನೆಲವನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಪಾಪಾಸುಕಳ್ಳಿ ಬೆಳೆದಿದ್ದ 32 ಎಕರೆ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಕಾರ್ಖಾನೆಯ ಸುತ್ತ ಕೆಲಸಗಾರರ ಊರು ಕಟ್ಟಿ, ಅಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಲಕ್ಷ್ಮಣರಾಯರು ನಿಯಮ ಮಾಡಿದರು. ಅದು ನಡೆದ ಕಾಲವನ್ನು ನೆನೆದರೆ ಈ ನಿಯಮವನ್ನು ನಾನು ಯಾವ ಯಂತ್ರಕ್ಕಿಂತಲೂ ಕಡಿಮೆಯೆಂದು ಎಣಿಸಲಾರೆ.

ಮೊದಲ ಮಹಾಯುದ್ಧದ ಕಾಲದಲ್ಲಿ ವಿದೇಶದ ಮಾಲು ನಿಂತು ಬೇಡಿಕೆ ಏರಿತಾದರೂ ಕಚ್ಚಾ ಕಬ್ಬಿಣವೇ ಸಿಗದಾಯಿತು. ಕೊಲ್ಹಾಪುರದ ಶಾಹು ಮಹಾರಾಜರು ತಮ್ಮಲ್ಲಿದ್ದ ಹಳೆಯ ಫಿರಂಗಿಗಳನ್ನು ಕೊಟ್ಟರು. ಅವು ಕರಗಿ ನೇಗಿಲುಗಳಾದವು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ ಮುಂತಾದವು ಒಂದೊಂದಾಗಿ ಸೇರಿಕೊಂಡವು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. ಲಕ್ಷ್ಮಣರಾಯರ ಮಗ ಶಂತನುರಾವ್ ಅಮೆರಿಕದ ಎಂ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಓದಿ 1926ರಲ್ಲಿ ಮರಳಿದರು. ಪಂಪುಗಳ ಕೆಲಸ ಮೊದಲಾದದ್ದೂ ಅದೇ ಕಾಲದಲ್ಲಿ.

ನಮ್ಮ ಕಡೆಯ ಓದುಗರಿಗೆ ಪಂಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲವಾದರೂ ಅದು ತಂದ ಬದಲಾವಣೆಯನ್ನು ಬರೆದಿಡುವುದು ಒಳ್ಳೆಯದು. ಅಂಕೋಲೆ, ಕುಮಟೆಯ ಕರಾವಳಿಯಲ್ಲಿ ಏತ ತುಳಿದು ತರಕಾರಿ ಗದ್ದೆಗೆ ನೀರುಣಿಸುತ್ತಿದ್ದವರಿಗೂ, ಘಟ್ಟದ ಮೇಲೆ ಹಳ್ಳದ ನೀರನ್ನು ಕಾಲುವೆಯಲ್ಲಿ ತಿರುಗಿಸಿ ಕಣಿವೆಯ ತೋಟಕ್ಕೆ ಹಾಯಿಸುತ್ತಿದ್ದವರಿಗೂ ನೀರು ಇಳಿಜಾರಿಗೆ, ಇಲ್ಲವೆ ಮೈಬಲ ಎತ್ತಿದಷ್ಟಕ್ಕೆ ಮಾತ್ರ ಹರಿಯುವ ವಸ್ತುವಾಗಿತ್ತು. ಡೀಸೆಲ್ ಎಂಜಿನ್ ಮತ್ತು ಪಂಪು ಬಂದ ಮೇಲೆ ಹಳ್ಳಕ್ಕಿಂತ ಎತ್ತರದ ಬೆಟ್ಟದ ಬದಿಯಲ್ಲಿಯೂ ಅಡಕೆ ಸಸಿ ನೆಡುವ ಧೈರ್ಯ ಬಂತು. ಪಂಪು ನೀರನ್ನು ಮೇಲಕ್ಕೆ ನೂಕುವುದರಲ್ಲಿ ಗಟ್ಟಿ, ಕೆಳಗಿನಿಂದ ಎಳೆದುಕೊಳ್ಳುವುದರಲ್ಲಿ ಅಷ್ಟಿಲ್ಲ. ಸುಮಾರು 7 ಮೀಟರಿಗಿಂತ ಆಳದಿಂದ ಅದು ನೀರೆಳೆಯಲಾರದು. ಆದ್ದರಿಂದಲೇ ಆಳದ ಬಾವಿಯಾದರೆ ಒಳಗೆ ಕಟ್ಟೆ ಕಟ್ಟಿ ಪಂಪನ್ನು ಕೆಳಗಿಳಿಸಿ ಕೂಡಿಸುತ್ತಿದ್ದರು. ಫುಟ್‌ವಾಲ್ವಿಗೆ, ಎಂದರೆ ಹೀರುಕೊಳವೆಯ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಕವಾಟಕ್ಕೆ, ತರಗೆಲೆ ಸಿಕ್ಕಿಕೊಂಡರೆ ತುಂಬಿಸಿದ ನೀರೆಲ್ಲ ಇಳಿದುಹೋಗಿ ಪಂಪು ಗಾಳಿ ಹಿಡಿಯುತ್ತದೆ. ಮರಳು ಮಿಶ್ರಿತ ನೀರಿಗೆ, ಒಳಗೆ ತಿರುಗಿ ನೀರು ನೂಕುವ ಚಕ್ರವಾದ ಇಂಪೆಲ್ಲರ್ ಸವೆಯುತ್ತದೆ, ಶಾಫ್ಟನ್ನು ಹಿಡಿದಿಡುವ ಬುಷ್ ಸವೆಯುತ್ತದೆ. ಬೇಸಿಗೆಯ ನಡುವೆ, ತೋಟಕ್ಕೆ ನೀರು ಬೇಕೇಬೇಕಾದ ವಾರದಲ್ಲಿಯೇ, ಇವೆಲ್ಲ ಅಪ್ಪನ ವರ್ಕ್‌ಶಾಪಿಗೆ ಬರುತ್ತಿದ್ದವು. ತೋಟದವರು ಪಂಪನ್ನು ಜೀಪಿನಲ್ಲಿ ಹೇರಿಕೊಂಡು ಬಂದು, "ಇವತ್ತೇ ಆಗವು" (ಇವತ್ತೇ ಆಗಬೇಕು) ಎಂದು ಬಾಗಿಲಲ್ಲಿ ಕೂತುಬಿಡುತ್ತಿದ್ದರು. ಆಗುತ್ತಲೂ ಇತ್ತು, ಏಕೆಂದರೆ ಆ ಪಂಪಿನಲ್ಲಿ ಬಿಚ್ಚಲಾಗದ, ಅಳತೆ ತೆಗೆದು ಮತ್ತೆ ಮಾಡಲಾಗದ ಭಾಗ ತೀರ ಕಡಿಮೆ.

ಹಾಗೆ ಮಾಡಿಕೊಡಲು ಲೇತ್ ಬೇಕು. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಮೈಸೂರು ಸಂಸ್ಥಾನದ ಹರಿಹರದಲ್ಲಿ ತುಂಗಭದ್ರೆಯ ದಡದ ಬಳಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅದರ ಸುತ್ತಲಿನ ಬಡಾವಣೆಗೆ ಯಂತ್ರಪುರ ಎಂದೇ ಹೆಸರಾಯಿತು. ನನ್ನ ಮಟ್ಟಿಗೆ ಮನೆತನದ ಚರಿತ್ರೆಯ ಶಿಖರ ಇದು. ನೇಗಿಲು ಒಂದು ಹೊಲವನ್ನು ಉಳುತ್ತದೆ, ಪಂಪು ಒಂದು ತೋಟಕ್ಕೆ ನೀರು ಕೊಡುತ್ತದೆ. ಲೇತ್ ಬೇರೆ ಯಂತ್ರಗಳನ್ನು ಹುಟ್ಟಿಸುತ್ತದೆ, ಸತ್ತವನ್ನು ಎಬ್ಬಿಸುತ್ತದೆ. ಲೇತಿನ ಯೋಗ್ಯತೆಯೆಲ್ಲ ಅದರ ಬೆಡ್ಡಿನಲ್ಲಿ, ಎಂದರೆ ಉಳಿದ ಭಾಗಗಳನ್ನು ಹೊತ್ತ ಉದ್ದನೆಯ ಕಬ್ಬಿಣದ ಪೀಠದಲ್ಲಿದೆ. ಎರಕ ಹೊಯ್ದ ಬೆಡ್ಡಿನೊಳಗೆ ಬಿಗಿತ ಉಳಿದಿರುತ್ತದೆ. ಅದು ಸಡಿಲವಾಗದೆ ಕೆಲಸಕ್ಕೆ ತೆಗೆದುಕೊಂಡರೆ ಬೆಡ್ಡು ನಿಧಾನವಾಗಿ ಸೊಟ್ಟಗಾಗಿ, ತಿರುಗಿಸಿದ ಶಾಫ್ಟೆಲ್ಲ ಒಂದು ತುದಿಗೆ ದಪ್ಪ, ಇನ್ನೊಂದಕ್ಕೆ ಸಣ್ಣವಾಗುತ್ತದೆ. ಅಪ್ಪನ ಬಳಿಯಿದ್ದ ಹರಿಹರದ ಎಂಟರ್‌ಪ್ರೈಸ್ ಲೇತಿನಲ್ಲಿ ಆ ದೂರು ಬರಲೇ ಇಲ್ಲ.

1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಗಳು ಹುಟ್ಟಿದವು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು. ಮುಂದಿನ ತಲೆಮಾರುಗಳಲ್ಲಿ ಉದ್ಯಮಗಳು ಹಂಚಿಹೋದವು, ಮನೆಯವರ ನಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದರ ವಿವರಕ್ಕೆ ನಾನು ಇಳಿಯುವುದಿಲ್ಲ. ನನಗೆ ಹೆಚ್ಚು ನೋವು ಕೊಟ್ಟದ್ದು 2000ದ ದಶಕದ ಆರಂಭಕ್ಕೆ ಹರಿಹರದ ಕಾರ್ಖಾನೆ ನಿಂತುಹೋದದ್ದು. ಕಂಪ್ಯೂಟರ್ ನಿಯಂತ್ರಣದ ಯಂತ್ರಗಳ ಕಾಲದಲ್ಲಿ ಕೈಯಿಂದ ನಡೆಸುವ ಲೇತಿನ ಮಾರುಕಟ್ಟೆ ಕುಗ್ಗಿತೆಂಬುದು ಒಪ್ಪತಕ್ಕ ಮಾತೇ. ಆದರೂ ಬೆಡ್ಡು ಹದಮಾಡುವ, ಕೈಯಿಂದ ಹೆರೆದು ಮಟ್ಟ ತರುವ ವಿದ್ಯೆ ಬಲ್ಲವರು ಒಂದೇ ಊರಿನಲ್ಲಿ ಅಷ್ಟು ಮಂದಿ ಮತ್ತೆ ಸೇರುವುದು ಸುಲಭವಲ್ಲ.

ಲೇತುಗಳು ಮಾತ್ರ ಇನ್ನೂ ತಿರುಗುತ್ತಿವೆ. ಅಪ್ಪನದನ್ನು ಈಗ ಅವರ ಬಳಿ ಕೆಲಸ ಕಲಿತವರೊಬ್ಬರು ನಡೆಸುತ್ತಾರೆ. ಕಂಪನಿಯ ಬಿಡಿಭಾಗ ಸಿಗದ ಕಾರಣ, ಗೇರಿನ ಹಲ್ಲು ಮುರಿದರೆ ಅದನ್ನೇ ಮಾದರಿಯಾಗಿ ಬೆಳಗಾವಿಗೆ ಕಳುಹಿಸುತ್ತಾರೆ; ಎರಕದ ಕಾರ್ಖಾನೆಗಳಿಗೆ ಹೆಸರಾದ ಆ ಊರಿನಲ್ಲಿ ಅಚ್ಚು ಕಟ್ಟಿ ಹೊಯ್ದು ಕೊಡುವವರಿದ್ದಾರೆ, ಹಲ್ಲು ಕೊರೆಯುವ ಕೆಲಸವೂ ಅಲ್ಲೇ ಆಗುತ್ತದೆ.