ಜರ್ನಲಿಸಂ ಸೇರುವ ಮುಂಚೆ ಒಮ್ಮೆ ದಕ್ಕೆಗೆ ಹೋಗಿ ಬನ್ನಿ

ಪಿಯುಸಿ ರಿಸಲ್ಟ್ ಬಂದರೆ ಸಾಕು, ನೆಂಟರಿಷ್ಟರಿಂದ ನನಗೆ ಮೆಸೇಜ್ ಶುರು. ಮಂಗಳೂರಿನಲ್ಲಿ ಬಿಎ ಜರ್ನಲಿಸಂ ಓದಿದವಳು ಅಂತ ಎಲ್ಲರಿಗೂ ಗೊತ್ತು. ಮಗಳಿಗೆ ಜರ್ನಲಿಸಂ ಬೇಕಂತೆ, ಕೆಲಸ ಸಿಗ್ತದಾ, ಸಂಬಳ ಎಷ್ಟು ಅಂತ ಕೇಳುತ್ತಾರೆ. ತಪ್ಪಲ್ಲ, ಕೇಳಲೇಬೇಕು. ಎಂಜಿನಿಯರಿಂಗ್, ಮೆಡಿಕಲ್, ಸಿಎ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನುವಂಥ ಊರಿದು. ಸಂಬಳದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ: ಶುರುವಿಗೆ ಕಡಿಮೆ, ಮತ್ತೆ ಪಿಆರ್ (ಸಾರ್ವಜನಿಕ ಸಂಪರ್ಕ), ಜಾಹೀರಾತು, ಕಾರ್ಪೊರೇಟ್ ವಿಡಿಯೋ ಕಡೆಗೆ ಹೋದವರಿಗೆ ಪತ್ರಿಕೆಯವರಿಗಿಂತ ಜಾಸ್ತಿ.

ಆದರೆ ಕೋರ್ಸಿನಲ್ಲಿ ಮೂರು ವರ್ಷ ಎಂಥ ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕಾದದ್ದು ಅದೇ. (ಹೌದು, ಈಗ ಮತ್ತೆ ಮೂರೇ ವರ್ಷ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದು ನಾಲ್ಕು ವರ್ಷದ ಆನರ್ಸ್ ಅಂತ ಶುರುವಾಗಿತ್ತು, 2024-25ರಿಂದ ರಾಜ್ಯದಲ್ಲಿ ಹಳೆಯ ಲೆಕ್ಕಕ್ಕೇ ಬಂದಿದೆ.)

ಕ್ಯಾಮೆರಾ ಹಿಡಿಯುವುದು, ಎಡಿಟಿಂಗ್, ರೀಲ್ಸ್ ಇದಕ್ಕೆಲ್ಲ ಡಿಗ್ರಿ ಬೇಡ. ನಮ್ಮ ಕ್ಲಾಸಿಗೆ ಬರುವಾಗಲೇ ಅರ್ಧ ಹುಡುಗರಿಗೆ ಅದು ಬರುತ್ತಿತ್ತು, ಕೆಲವರಿಗೆ ಲೆಕ್ಚರರ್‌ಗಳಿಗಿಂತ ಚೆನ್ನಾಗಿ ಬರುತ್ತಿತ್ತು. ಪರಿಚಯವೇ ಇಲ್ಲದವರ ಹತ್ತಿರ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡಿ, ಆಮೇಲೆ ಬರೆಯುವುದು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ನಮಗೆ ಅದನ್ನು ಕಲಿಸಿದ್ದು ಲ್ಯಾಬ್ ಜರ್ನಲ್. ಅಂದರೆ ವಿದ್ಯಾರ್ಥಿಗಳೇ ವರದಿ ಮಾಡಿ, ಪುಟ ಕಟ್ಟಿ ತರುವ ಪತ್ರಿಕೆ. ಒಮ್ಮೆ ನಮ್ಮ ಗುಂಪಿಗೆ ಬಂದ ವಿಷಯ ಮಳೆಗಾಲದ ಮೀನುಗಾರಿಕೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಜೋರು. ಇಷ್ಟನ್ನು ಕ್ಲಾಸಿನಲ್ಲೇ ಕೂತು ಬರೆಯಬಹುದು, ಅಲ್ವಾ? ಸರ್ ಒಪ್ಪಲಿಲ್ಲ. "ದಕ್ಕೆಗೆ ಹೋಗಿ ಬನ್ನಿ" ಅಂದರು. ದಕ್ಕೆ ಅಂದರೆ ಬೋಟುಗಳು ನಿಲ್ಲುವ ಮೀನುಗಾರಿಕಾ ಬಂದರು.

ಮಳೆಯಲ್ಲಿ ಹೋದೆವು. ಸಾಲಾಗಿ ಕಟ್ಟಿ ಹಾಕಿದ ಬೋಟುಗಳು, ಬಲೆ ಹೊಲಿಯುತ್ತಾ ಕೂತ ನಾಲ್ಕೈದು ಜನ. ಕೆಲಸದವರು ಬಹಳಷ್ಟು ಮಂದಿ ಆಂಧ್ರ, ಒಡಿಶಾ, ತಮಿಳುನಾಡಿನವರು, ರಜೆಗೆ ಊರಿಗೆ ಹೋಗಿಬಿಟ್ಟಿದ್ದರು. ಹಾಗಾದರೆ ಈ ಎರಡು ತಿಂಗಳು ಐಸ್ ಪ್ಲಾಂಟಿನವರ ಕಥೆ ಏನು? ಬುಟ್ಟಿಯಲ್ಲಿ ಬಂಗುಡೆ, ಬೂತಾಯಿ ಹೊತ್ತು ಮನೆಮನೆಗೆ ಮಾರುವ ಹೆಂಗಸರು ಎಲ್ಲಿಂದ ಮೀನು ತರುತ್ತಾರೆ? ನಾಡದೋಣಿಯವರಿಗೆ ಮಾತ್ರ ಯಾಕೆ ರಜೆ ಇಲ್ಲ? ಅಲ್ಲಿ ನಿಂತ ಮೇಲೆಯೇ ಈ ಪ್ರಶ್ನೆಗಳು ಹುಟ್ಟಿದ್ದು. ಮೀನು ಮಾರುವ ಒಬ್ಬರು ಅಕ್ಕ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಯಾವ ಪೇಪರ್ ಅಂತ ತುಳುವಿನಲ್ಲಿ ಕೇಳಿದರು. ಕಾಲೇಜಿನದ್ದು ಅಂದೆವು. "ಹಾಗಾದ್ರೆ ಬರ್ದು ಎಂಥ ಆಗ್ಲಿಕ್ಕುಂಟು?" ಅಂತ ನಕ್ಕರು, ಆದರೂ ಅರ್ಧ ಗಂಟೆ ಮಾತಾಡಿದರು.

ಮಾತು ತುಳುವಿನಲ್ಲಿ, ಬೋಟಿನವರದ್ದು ಹಿಂದಿ, ಇಲಾಖೆಯ ಕಾಗದ ಕನ್ನಡದಲ್ಲಿ, ನಮ್ಮ ಪಠ್ಯ ಇಂಗ್ಲಿಷ್‌ನಲ್ಲಿ. ಮಂಗಳೂರಿನಲ್ಲಿ ಜರ್ನಲಿಸಂ ಓದುವುದು ಅಂದರೆ ಇದೇ. ಬ್ಯಾರಿ, ಕೊಂಕಣಿ ಬರುವ ಸಹಪಾಠಿ ಇದ್ದರೆ ಅವರನ್ನು ಬಿಡಲೇಬೇಡಿ. ಸಂತ ಅಲೋಶಿಯಸ್ ಶಿಕ್ಷಣ ಸಂಸ್ಥೆಯ ರೇಡಿಯೋ ಸಾರಂಗ್ 107.8 ಎಫ್‌ಎಂನಲ್ಲಿ ಈ ಭಾಷೆಗಳೆಲ್ಲ ಕೇಳಿಸುತ್ತವೆ. ಅಂಥ ಸಮುದಾಯ ರೇಡಿಯೋದ ಮೈಕಿನ ಮುಂದೆ ಒಮ್ಮೆ ಕೂತರೆ ಉದ್ದುದ್ದ ವಾಕ್ಯ ಬರೆಯುವ ಚಟ ತಾನಾಗಿ ಕಮ್ಮಿಯಾಗುತ್ತದೆ, ಉಸಿರು ಸಾಲುವುದಿಲ್ಲ.

ಥಿಯರಿ ಬೋರ್ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 1940ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಅವರ ತಂಡ ಓಹಿಯೊದ ಒಂದು ಕೌಂಟಿಯ ಮತದಾರರನ್ನು ಮಾತಾಡಿಸಿತು. ರೇಡಿಯೋ, ಪೇಪರ್ ನೇರವಾಗಿ ಮನಸ್ಸು ಬದಲಾಯಿಸುವುದು ಕಡಿಮೆ, ಅದನ್ನೆಲ್ಲ ಓದಿ ಕೇಳಿ ಬಂದ ಪರಿಚಯದವರ ಮಾತು ಹೆಚ್ಚು ನಾಟುತ್ತದೆ ಅಂತ ಅವರಿಗೆ ಕಂಡಿತು. ಪರೀಕ್ಷೆಗೆ ಇದು ಐದು ಅಂಕದ ಪ್ರಶ್ನೆ. ನಮ್ಮೂರಿನ ಯಾವುದಾದರೂ ಹೋಟೆಲಿನಲ್ಲಿ ಬೆಳಗ್ಗೆ ಬನ್ಸ್ ತಿನ್ನುತ್ತಾ, ಪೇಪರ್ ಹಿಡಿದು ಜೋರಾಗಿ ವ್ಯಾಖ್ಯಾನ ಮಾಡುವ ಅಣ್ಣನನ್ನೂ ಅವನ ಸುತ್ತ ಕೂತವರನ್ನೂ ನೋಡಿ, ಥಿಯರಿ ಜೀವಮಾನದಲ್ಲಿ ಮರೆಯುವುದಿಲ್ಲ.

ನನಗೆ ಸಿಟ್ಟು ಬರುವುದು ಪತ್ರಿಕಾ ಇತಿಹಾಸ ಕಲಿಸುವ ರೀತಿಗೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹುಟ್ಟಿದ್ದು ಇಲ್ಲೇ, 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ತಂದದ್ದು, ಕಲ್ಲಚ್ಚಿನಲ್ಲಿ ಮುದ್ರಣ, ಹದಿನೈದು ದಿನಕ್ಕೊಮ್ಮೆ. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಆ ಮಿಷನ್ನಿನ ಪ್ರೆಸ್ ಇದ್ದ ಬಲ್ಮಠ ನಮ್ಮ ಕ್ಲಾಸಿನಿಂದ ಒಂದು ಸಿಟಿ ಬಸ್ಸಿನ ದೂರ. ಒಬ್ಬರೂ ಕರೆದುಕೊಂಡು ಹೋಗಲಿಲ್ಲ, ನೋಟ್ಸ್ ಬರೆಸಿದರು ಅಷ್ಟೆ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಬಂಡವಾಳ ಸೇರಿಸಿ ಇದೇ ಮಂಗಳೂರಿನಲ್ಲಿ 'ಮುಂಗಾರು' ಅಂತ ದಿನಪತ್ರಿಕೆ ತಂದರು. ಪತ್ರಿಕೆಗೆ ದುಡ್ಡು ಯಾರು ಕೊಡಬೇಕು ಅನ್ನುವುದು ಇವತ್ತಿನ ದೊಡ್ಡ ತಲೆನೋವು. ಆದರೂ ನಮಗೆ ಆ ಕಥೆ ಕ್ಲಾಸಿನಲ್ಲಿ ಸಿಗಲಿಲ್ಲ, ಪತ್ರಿಕೆಯೊಂದರ ಇಂಟರ್ನ್‌ಶಿಪ್‌ನಲ್ಲಿ ಡೆಸ್ಕಿನ (ಸುದ್ದಿ ತಿದ್ದುವ ವಿಭಾಗದ) ಒಬ್ಬರು ಹಿರಿಯರು ಚಹಾ ಕುಡಿಯುತ್ತಾ ಹೇಳಿದ್ದು.

ಇಂಟರ್ನ್‌ಶಿಪ್ ಅಂದೆನಲ್ಲ, ದುಡ್ಡು ಕೊಡಲಿಲ್ಲ. ಪ್ರೆಸ್ ನೋಟ್ ಬಂದದ್ದನ್ನು ಚಿಕ್ಕದು ಮಾಡುವುದೇ ಕೆಲಸ. ಸನ್ಮಾನ, ಬ್ರಹ್ಮಕಲಶ, ವಾರ್ಷಿಕ ಮಹಾಸಭೆ. ವೇದಿಕೆಯಲ್ಲಿದ್ದ ಹದಿನಾರು ಹೆಸರುಗಳಲ್ಲಿ ಒಂದು ಬಿಟ್ಟುಹೋದರೂ ಮರುದಿನ ಫೋನ್. ಬೇಸರ ಬಂತು, ಆದರೆ ಕೈ ಪಳಗಿತು. ಕನ್ನಡ ಟೈಪಿಂಗ್ ಬರದಿದ್ದವರು ಮೊದಲ ವಾರ ಸುಮ್ನೆ ಕೂತರು, ಸೇರುವ ಮೊದಲೇ ಕಲಿತುಕೊಳ್ಳಿ.

ಜೊತೆಗೆ ತೆಗೆದುಕೊಳ್ಳುವ ವಿಷಯಗಳ ಬಗ್ಗೆಯೂ ಯೋಚಿಸಿ. ಇಂಗ್ಲಿಷ್, ಸೈಕಾಲಜಿ ಕಡೆಗೆ ಎಲ್ಲರೂ ಓಡುತ್ತಾರೆ. ನಾನಾದರೆ ಅರ್ಥಶಾಸ್ತ್ರ ಅಥವಾ ರಾಜ್ಯಶಾಸ್ತ್ರ ಅನ್ನುತ್ತೇನೆ, ಪಾಲಿಕೆಯ ಬಜೆಟ್ ಪುಸ್ತಕ ಕೈಗೆ ಬಂದ ದಿನ ಯಾಕೆ ಅಂತ ಗೊತ್ತಾಗುತ್ತದೆ.

ಇನ್ನು ಯಾವ ಕಾಲೇಜು? ಹೆಸರು ಹೇಳುವುದಿಲ್ಲ. ಅಡ್ಮಿಷನ್‌ಗೆ ಹೋದಾಗ ಸ್ಟುಡಿಯೋ ತೋರಿಸುತ್ತಾರೆ, ನೋಡಿ, ಆದರೆ ಕಳೆದ ವರ್ಷದ ಲ್ಯಾಬ್ ಜರ್ನಲ್ ಕೊಡಿ ಅಂತ ಕೇಳಿ. ಅದರಲ್ಲಿ ಪ್ರಿನ್ಸಿಪಾಲರ ಫೋಟೋ ಜಾಸ್ತಿಯೋ, ಊರಿನ ಜನರ ಮಾತು ಜಾಸ್ತಿಯೋ ಅಂತ ನೋಡಿ. ಜರ್ನಲ್ಲೇ ಇಲ್ಲ ಅಂದರೆ ಪಕ್ಕದ ಕಾಲೇಜಿಗೆ ಹೋಗಿ.